ಹಲ್ಲಿನ ಮೇಸ್ತ್ರಿ ಊರು ಆರಿಸಿದ್ದು

ಎಲ್ಲ ರಗಳೆಗೂ ಮೂಲ ಮೂರು ಪುಟ್ಟ ಚೌಕಗಳು. ಮೊಬೈಲಿನ ಪರದೆಯ ಮೇಲೆ ಒಂದರ ಕೆಳಗೊಂದು ಕೂತಿದ್ದವು. ಮೇಲೊಂದು ಸಾಲು: ‘ನೀವು ನೆಲೆಸಲು ಬಯಸುವ ಊರು. ಒಂದಕ್ಕೆ ಮಾತ್ರ ಗುರುತು ಹಾಕಿ.’ ಕೆಳಗೊಂದು ಸಾಲು: ‘ಇಂದು ಸಂಜೆ ಐದರೊಳಗೆ. ಆಮೇಲೆ ಮೂರು ವರ್ಷ ಬದಲಾವಣೆ ಇಲ್ಲ.’

ಕೆಲಸ ಕೊಟ್ಟ ಪರದೇಶದ ಹಲ್ಲಿನ ಕಂಪನಿಗೇನು, ಮೂರು ಊರಲ್ಲಿ ಮೂರು ಶಾಖೆ. ಯಾವ ಊರು ಅಂದರೆ ಆ ಊರಲ್ಲಿ ಕುರ್ಚಿ ಹಾಕಿ ಕೊಡುತ್ತಾರೆ. ಒದ್ದಾಟವೆಲ್ಲ ನಮ್ಮ ಮೇಸ್ತ್ರಿಯದು. ಮೇಸ್ತ್ರಿ ಅಂದರೆ ಗಾರೆ ಕೆಲಸದ ಮೇಸ್ತ್ರಿಯಲ್ಲ, ಹಲ್ಲಿನ ಮೇಸ್ತ್ರಿ. ಹಲ್ಲಿನ ಡಾಕ್ಟರಮ್ಮನ ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತಮೂರು ವರ್ಷದಿಂದ ಮೇಣ ಕರಗಿಸಿ, ಅಚ್ಚು ತೆಗೆದು, ಕಟ್ಟುಹಲ್ಲಿನ ಸೆಟ್ಟು ಮಾಡುತ್ತಿದ್ದ ಬಡಪಾಯಿ. ಊರಿನ ಅರ್ಧ ಮುದುಕರ ನಗು ಇವನ ಕೈಯಲ್ಲೇ ತಯಾರಾದದ್ದು.

“ಇದರಲ್ಲಿ ಯೋಚನೆ ಮಾಡೋಕೆ ಏನಿದೆ ರೀ?” ಎಂದಳು ಹೆಂಡತಿ, ಲೋಟಗಳನ್ನು ಹಳೆ ಪೇಪರಿನಲ್ಲಿ ಸುತ್ತುತ್ತಾ. “ರಾಜಧಾನಿ ಅಂತ ಒತ್ತಿಬಿಡಿ. ಅಣ್ಣ ಅಲ್ಲೇ ಇದ್ದಾನಲ್ಲ.”

ಅಲ್ಲೇ ಇದ್ದದ್ದು ಸಂಕಟ.

ಹೆಂಡತಿಯ ಅಣ್ಣ, ಅಂದರೆ ಮೇಸ್ತ್ರಿಯ ಭಾವ, ಆ ದೇಶಕ್ಕೆ ಹೋಗಿ ಹದಿನಾಲ್ಕು ವರ್ಷ. ಒಳ್ಳೆಯವರೇ. ಕುಡಿತ ಇಲ್ಲ, ಕೆಟ್ಟ ಮಾತಿಲ್ಲ. ಇರುವುದು ಒಂದೇ ತೊಂದರೆ: ಎಲ್ಲರೂ ಸಲಹೆ ಕೊಡುತ್ತಾರೆ, ಭಾವ ಅದನ್ನು ಜಾರಿಗೆ ತರುತ್ತಾರೆ. ಹೋದ ಸಲ ಬಂದಾಗ ಇಪ್ಪತ್ತೆರಡು ದಿನ ಇದ್ದರು. ಆ ಇಪ್ಪತ್ತೆರಡು ದಿನದಲ್ಲಿ ಮೇಸ್ತ್ರಿ ಮಲಗುವ ದಿಕ್ಕು ಬದಲಾಯಿತು, ಮೀಸೆ ಅರ್ಧವಾಯಿತು, ನಲ್ಲಿ ತಿರುಗಿಸುವ ‘ಸರಿಯಾದ ಕ್ರಮ’ವನ್ನು ಬಚ್ಚಲಿನ ಗೋಡೆಗೆ ಅಂಟಿಸಲಾಯಿತು. ಎಲ್ಲದಕ್ಕೂ ಮೇಸ್ತ್ರಿ “ಸರಿ ಭಾವ” ಅನ್ನುತ್ತಲೇ ಇದ್ದ. ಇಪ್ಪತ್ತೆರಡು ದಿನಕ್ಕೇ ಇಷ್ಟಾದರೆ ಮೂರು ವರ್ಷಕ್ಕೆ ತನ್ನದು ಅಂತ ಏನು ಉಳಿದೀತು?

ಎರಡನೆಯದು ಬಂದರಿನ ಊರು. ರಾಜಧಾನಿಯಿಂದ ನಾಲ್ಕು ಗಂಟೆ. ಶನಿವಾರ ಹೊರಟರೆ ಭಾವ ಊಟದ ಹೊತ್ತಿಗೆ ಹಾಜರು. ಮೂರನೆಯದು ಬೆಟ್ಟದ ತುದಿಯ ಊರು. ಅದರ ಬಗ್ಗೆ ಮೇಸ್ತ್ರಿಗೆ ಗೊತ್ತಿದ್ದದ್ದು ಒಂದೇ ವಿಷಯ: ರಾಜಧಾನಿಯಿಂದ ರೈಲಿನಲ್ಲಿ ಹದಿನೆಂಟು ಗಂಟೆ, ಅದೂ ವಾರಕ್ಕೆ ಎರಡೇ ರೈಲು. ಸ್ವರ್ಗ ಅಂದರೆ ಹೀಗೇ ಇರಬೇಕು ಅಂತ ಅವನಿಗೆ ಅನ್ನಿಸಿಬಿಟ್ಟಿತು.

ಆದರೆ ಹೆಂಡತಿಗೆ ಹೇಗೆ ಹೇಳುವುದು? ‘ನಿನ್ನ ಅಣ್ಣನ ಕಾಟ ತಡೆಯೋಕಾಗಲ್ಲ ಕಣೇ’ ಅಂದರೆ ಮನೆಯಲ್ಲಿ ಉಳಿಯುವುದುಂಟೇ? ಬೇರೆ ಯಾರಾದರೂ ಬಂದು, ರಾಜಧಾನಿ ಬೇಡ, ಬೆಟ್ಟದ ಊರೇ ವಾಸಿ ಅಂತ ಅವಳ ಕಿವಿಗೆ ಹಾಕಬೇಕು. ಅವಳೇ ಆರಿಸಿದ ಹಾಗಿರಬೇಕು. ತಾನು ಮಾತ್ರ ‘ನಿನ್ನಿಷ್ಟ’ ಅನ್ನಬೇಕು.

“ಸ್ವಲ್ಪ ವಿಚಾರಿಸೋಣ,” ಎಂದು ಚಪ್ಪಲಿ ಮೆಟ್ಟಿದ.

ಕೆಳಗಿನ ಮನೆಯಲ್ಲಿ ಹವಾಮಾನ ತಾತ ಇದ್ದರು. ಹವಾಮಾನ ಇಲಾಖೆಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಳೆ ಬರಲ್ಲ ಅಂತ ಅವರು ಹೇಳಿದ ದಿನ ಇಡೀ ಕಟ್ಟಡದವರು ಕೊಡೆ ಹಿಡಿದು ಹೊರಡುತ್ತಿದ್ದರು. ಮೇಸ್ತ್ರಿ ಮೆಲ್ಲಗೆ ವಿಷಯ ತೆಗೆದ.

“ರಾಜಧಾನಿ ಹವೆ ಚೆನ್ನಾಗಿಲ್ಲ ಅಂತಾರಲ್ಲ ತಾತ? ಬೆಟ್ಟದ ಊರಿಂದು ಶುದ್ಧ ಗಾಳಿ ಅಂತೆ. ನೀವೇ ಒಂದು ಮಾತು ಮೇಲೆ ಹೋಗಿ ನಮ್ಮವಳಿಗೆ ತಿಳಿಸಿದ್ರೆ…”

“ತಿಳಿಸ್ತೀನಪ್ಪ! ನೀನು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗು,” ಎಂದ ತಾತನ ಕಣ್ಣು ಆಗಲೇ ಹೊಳೆಯುತ್ತಿತ್ತು. ನಿವೃತ್ತಿಯಾದ ಮೇಲೆ ಹವೆಯ ಬಗ್ಗೆ ಯಾರಾದರೂ ತಾವಾಗಿ ಕೇಳಿದ್ದು ಅದೇ ಮೊದಲು.

ದವಾಖಾನೆಯಲ್ಲಿ ಮೇಣದ ದೀಪ ಹಚ್ಚಿ ಕೂತು ಅರ್ಧ ಗಂಟೆ ಆಗಿರಲಿಲ್ಲ, ಹೆಂಡತಿಯ ಫೋನು.

“ರೀ, ತಾತ ಭೂಪಟ ಹಿಡ್ಕೊಂಡು ಬಂದಿದ್ರು. ಬೆಟ್ಟದ ಊರಲ್ಲಿ ಏಳು ತಿಂಗಳು ಹಿಮ ಅಂತೆ. ಹಾಲು ಪಾತ್ರೇಲೇ ಕಲ್ಲಾಗುತ್ತಂತೆ. ಚಳಿಗೆ ಹಲ್ಲೆಲ್ಲ ಉದುರಿಹೋಗುತ್ತಂತೆ! ರಾಜಧಾನಿ ಹವೆ ಮಾತ್ರ ತಾಯಿ ಮಡಿಲಿದ್ದ ಹಾಗಂತೆ.”

“ಯಾರು ಹೇಳಿದ್ದು? ತಾತನಾ?”

“ಹೂಂ. ನೀವೇ ಕಳಿಸಿದ್ರಂತಲ್ಲ? ಎದುರು ಮನೆಯವರನ್ನೂ ಕರೆದು ಹೇಳ್ತಾ ಇದ್ದಾರೆ.”

ಮೇಸ್ತ್ರಿ ಫೋನಿಟ್ಟು ಕೆಲಸಕ್ಕೆ ತಿರುಗಿದ. ಕೈಯಲ್ಲಿದ್ದದ್ದು ನಿವೃತ್ತ ಪ್ರಿನ್ಸಿಪಾಲರ ಮೇಲಿನ ಸೆಟ್ಟು. ಕಟ್ಟುಹಲ್ಲು ಅಂದರೆ ಮೊದಲು ಮೇಣದ ಮೇಲೆ ಹಲ್ಲು ಕೂರಿಸಿ, ಬಾಯಿಗೆ ಇಟ್ಟು ನೋಡಿ, ಒಪ್ಪಿಗೆಯಾದರೆ ಗಟ್ಟಿ ಮಾಡುವುದು. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಮೇಸ್ತ್ರಿ ಬಲಗಡೆಯ ಕೋರೆಹಲ್ಲನ್ನು ಎಡಕ್ಕೂ ಎಡಗಡೆಯದನ್ನು ಬಲಕ್ಕೂ ಕೂರಿಸಿಬಿಟ್ಟ. ಅದು ಗೊತ್ತಾದದ್ದು ಮಧ್ಯಾಹ್ನ ಮೂರೂವರೆಗೆ ಪ್ರಿನ್ಸಿಪಾಲರು ಬಂದು ಅದನ್ನು ಬಾಯಿಗಿಟ್ಟು ಕನ್ನಡಿ ನೋಡಿಕೊಂಡಾಗ.

“ಏನಯ್ಯಾ ಇದು? ಒಂದೇ ಮುಖದಲ್ಲಿ ಇಬ್ಬರು ನಗ್ತಾ ಇದ್ದಾರಲ್ಲ!”

ಡಾಕ್ಟರಮ್ಮ ಕತ್ತು ಚಾಚಿ ನೋಡಿ, “ಮೇಸ್ತ್ರಿ ದೇಹ ಇಲ್ಲಿದೆ, ಮನಸ್ಸು ಆಗಲೇ ವಿಮಾನ ಹತ್ತಿದೆ ಸಾರ್,” ಎಂದರು.

“ಯಾವ ದೇಶಕ್ಕೆ?” ಎಂದು ಕೇಳಿ, ಉತ್ತರ ತಿಳಿದದ್ದೇ ಪ್ರಿನ್ಸಿಪಾಲರು ಕುರ್ಚಿಯಲ್ಲಿ ನೆಟ್ಟಗಾದರು. “ಅರೆ! ನಾನು ಅಲ್ಲಿ ಹನ್ನೊಂದು ವರ್ಷ ಪಾಠ ಮಾಡಿದವನು. ಬೆಟ್ಟದ ತುದಿ ಊರಲ್ಲಿ! ಅಂಥ ಊರು ಇನ್ನೊಂದಿಲ್ಲ ಕಣಯ್ಯಾ.”

ಮೇಸ್ತ್ರಿಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. ಒಂದೇ ಉಸಿರಿಗೆ ಎಲ್ಲ ಒದರಿದ. ಭಾವನ ವಿಷಯ ಒಂದನ್ನು ಬಿಟ್ಟು. “ನಮ್ಮವಳಿಗೆ ಫೋನಿನಲ್ಲಿ ಎರಡು ಮಾತು ಹೇಳಿ ಸಾರ್, ನಿಮ್ಮ ಹೆಸರು ಹೇಳ್ಕೊಂಡು ಬದುಕ್ತೀನಿ.”

“ಫೋನಿನಲ್ಲಿ ಯಾಕೆ? ಮನೆಗೇ ಬರ್ತೀನಿ.”

“ಹಾಗಾದ್ರೆ ಆ ಸೆಟ್ಟು ಇತ್ಲಾಗೆ ಕೊಡಿ ಸಾರ್, ಅದಿನ್ನೂ ಮೇಣದ್ದು.”

“ಬೊಚ್ಚು ಬಾಯಲ್ಲಿ ನಾನು ಹೆಣ್ಣುಮಕ್ಕಳ ಎದುರು ಮಾತಾಡೋನಲ್ಲ,” ಎಂದು ಪ್ರಿನ್ಸಿಪಾಲರು ಎದ್ದೇಬಿಟ್ಟರು. ಗಂಟೆ ನಾಲ್ಕು ಹೊಡೆದಿತ್ತು. ವಾದಕ್ಕೆ ಪುರುಸೊತ್ತಿರಲಿಲ್ಲ.

ಮನೆಗೆ ಬಂದರೆ ಹವಾಮಾನ ತಾತ ಇನ್ನೂ ಅಲ್ಲೇ ಇದ್ದರು. ಭೂಪಟ ನಡುಮನೆಯ ತುಂಬ ಹರಡಿತ್ತು. ಕೂರುವುದಕ್ಕೆ ಜಾಗವಿಲ್ಲದೆ ಪ್ರಿನ್ಸಿಪಾಲರು ‘ಒಡೆಯುವ ಸಾಮಾನು’ ಎಂದು ಬರೆದಿದ್ದ ಡಬ್ಬದ ಮೇಲೆ ಕೂತರು. ಕೂತವರು ಶುರುಮಾಡಿದರು ನೋಡಿ, ಎಂಥ ಮಾತುಗಾರಿಕೆ! ಬೆಟ್ಟದ ಊರಿನ ಇಳಿಜಾರು ಬೀದಿಗಳು, ಬೆಳಿಗ್ಗೆ ಬಾಗಿಲು ತೆರೆದರೆ ಮುಖಕ್ಕೇ ಬರುವ ಮೋಡ, ಎದುರಾದವರೆಲ್ಲ ನಿಂತು ಮಾತಾಡಿಸುವ ಪದ್ಧತಿ. ಹೆಂಡತಿ ಸುತ್ತುತ್ತಿದ್ದ ಲೋಟವನ್ನು ಪಕ್ಕಕ್ಕಿಟ್ಟು ಕೇಳತೊಡಗಿದಳು. ಮೇಸ್ತ್ರಿ ಒಳಗೊಳಗೇ ಕುಣಿದ.

“ಸ್ವಲ್ಪ ಟೀ ತಗೊಳ್ಳಿ ಸಾರ್,” ಎಂದು ಅವಳು ಹಬೆಯಾಡುವ ಲೋಟ ಕೊಟ್ಟಳು.

ಮೇಸ್ತ್ರಿ ಅಡುಗೆಮನೆಯಲ್ಲಿ ಬಿಸ್ಕತ್ತು ಹುಡುಕುತ್ತಿದ್ದ. ತಟ್ಟೆ ಹಿಡಿದು ಹೊರಗೆ ಬರುವ ಹೊತ್ತಿಗೆ ಪ್ರಿನ್ಸಿಪಾಲರು ಅರ್ಧ ಲೋಟ ಮುಗಿಸಿದ್ದರು.

“ಸಾರ್! ಬಿಸಿ! ಬೇಡ!” ಎಂದು ಕಿರುಚಿದ.

“ಪರವಾಗಿಲ್ಲಯ್ಯಾ, ನನಗೆ ಬಿಸಿಯಾಗೇ ಇರಬೇಕು,” ಎಂದು ಇನ್ನೊಂದು ದೊಡ್ಡ ಗುಟುಕು ಎಳೆದು, “ಏನಮ್ಮಾ ಹೇಳ್ತಾ ಇದ್ದೆ? ಹಾಂ, ಅಲ್ಲಿಯ ಜನ ಸದಾ ನಗುಮುಖದವರು. ಹೀಗೆ…” ಎಂದು ಬಾಯಗಲಿಸಿ ತೋರಿಸಿದರು.

ಮೊದಲು ಎಡಗಡೆಯ ಕೋರೆ ಟಣ್ ಎಂದು ಲೋಟದೊಳಗೆ ಬಿತ್ತು. ಅದರ ಹಿಂದೆ ಮುಂದಿನ ಹಲ್ಲೆರಡು ಜಾರಿದವು. ಉಳಿದವು ಮಾಗಿದ ನೇರಳೆಹಣ್ಣಿನ ಹಾಗೆ ಒಂದೊಂದಾಗಿ ಅಂಗಿಯ ಮೇಲೆ, ಭೂಪಟದ ಮೇಲೆ ಉದುರಿದವು.

ಮೊದಲು ಎದ್ದದ್ದು ತಾತ. “ನೋಡಮ್ಮಾ! ಬೆಳಿಗ್ಗೆ ನಾನು ಬಾಯಿ ಬಡ್ಕೊಂಡಿದ್ದು ಇದನ್ನೇ! ಹನ್ನೊಂದು ವರ್ಷ ಆ ಚಳೀಲಿ ಇದ್ದು ಬಂದವರ ಗತಿ ಇದು!” ಮೂವತ್ತು ವರ್ಷದ ನೌಕರಿ, ಆಮೇಲಿನ ನಿವೃತ್ತಿ ಎರಡೂ ಸೇರಿ ನಿಜವಾದ ಅವರ ಮೊದಲ ಮುನ್ಸೂಚನೆ ಅದು. ಮುಖದಲ್ಲಿ ಅಂಥ ಕಳೆ ಬಂದಿತ್ತು.

ಪ್ರಿನ್ಸಿಪಾಲರು ಕೈಯಿಂದ ಬಾಯಿ ಮುಚ್ಚಿಕೊಂಡು, ಮೇಸ್ತ್ರಿಯನ್ನು ಕಣ್ಣಲ್ಲೇ ಸುಟ್ಟು, ಹಲ್ಲುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟುಹೋದರು. ಅವರ ಹಿಂದೆಯೇ ತಾತ, ಈ ಸುದ್ದಿಯನ್ನು ಪ್ರತಿ ಮಹಡಿಗೂ ಮುಟ್ಟಿಸಲು.

ಗಂಟೆ ಐದಕ್ಕೆ ಹನ್ನೆರಡು ನಿಮಿಷ ಬಾಕಿ. ಮೇಸ್ತ್ರಿ ಡಬ್ಬದ ಮೇಲೆ ಕುಸಿದ. ಎಲ್ಲ ಮುಗಿಯಿತು. ಇನ್ನು ಮೂರು ವರ್ಷ ಯಾವ ದಿಕ್ಕಿಗೆ ತಲೆ ಹಾಕಿ ಮಲಗಬೇಕು ಅನ್ನುವುದೂ ತನ್ನ ಕೈಯಲ್ಲಿಲ್ಲ. ಫೋನು ತೆಗೆದು ರಾಜಧಾನಿಯ ಚೌಕದ ಮೇಲೆ ಬೆರಳಿಟ್ಟ.

“ಬೆಟ್ಟದ ಊರು ಒತ್ತಿ,” ಎಂದಳು ಹೆಂಡತಿ.

ಮೇಸ್ತ್ರಿಗೆ ನಂಬಿಕೆ ಬರಲಿಲ್ಲ. “ಈಗ ತಾನೇ ನೋಡಿದೆಯಲ್ಲ…”

“ನೋಡಿದ್ದಕ್ಕೇ ಹೇಳಿದ್ದು. ಹಲ್ಲು ಉದುರೋ ಊರಾದ್ರೆ ನಿಮಗೆ ಕೆಲಸಕ್ಕೇನು ಕೊರತೆ? ಕೈ ತುಂಬ ಇರುತ್ತೆ. ಒತ್ತಿ, ಟೈಮ್ ಆಯ್ತು.”

“ನಿನ್ನಿಷ್ಟ,” ಎಂದು ಒತ್ತಿದ. ಪರದೆಯ ಮೇಲೆ ಹಸಿರು ಗುರುತು ಮೂಡಿತು: ‘ನಿಮ್ಮ ಆಯ್ಕೆ ದಾಖಲಾಗಿದೆ.’ ಮೇಸ್ತ್ರಿಗೆ ಮೈಯೆಲ್ಲ ಹಗುರವಾಯಿತು. ತಾನಾಗಿ ಎದ್ದು ನಾಲ್ಕು ಲೋಟ ಸುತ್ತಿದ.

“ಅಣ್ಣನಿಗೆ ಹೇಳಬೇಕಲ್ಲ,” ಎಂದಳು ಹೆಂಡತಿ, ಯಾಕೋ ನಿಧಾನವಾಗಿ.

“ನಾನೇ ಹೇಳ್ತೀನಿ. ಪಾಪ, ನೊಂದ್ಕೋತಾರೆ,” ಎಂದು ಮೇಸ್ತ್ರಿ ಮುಖ ಸಪ್ಪೆ ಮಾಡಿಕೊಂಡು ಫೋನು ಹಚ್ಚಿ, ಇಬ್ಬರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದ.

ಅವನು ಬಾಯಿ ತೆರೆಯುವ ಮೊದಲೇ ಭಾವ ಶುರುಮಾಡಿದರು. “ಒಳ್ಳೇ ಹೊತ್ತಿಗೆ ಮಾಡಿದ್ರಿ. ಹೇಗೆ ಹೇಳೋದೋ ಗೊತ್ತಾಗ್ತಾ ಇಲ್ಲ. ನೀವು ರಾಜಧಾನಿಗೆ ಬರೋ ಹೊತ್ತಿಗೆ ನಾವು ಇಲ್ಲಿರಲ್ಲ. ನನಗೆ ವರ್ಗ ಆಗಿಬಿಟ್ಟಿದೆ. ಹೊಟ್ಟೆ ಉರೀತಾ ಇದೆ ಮಾರಾಯ್ರೇ, ಆದ್ರೆ ಏನು ಮಾಡೋದು, ನೌಕರಿ.”

“ಅಯ್ಯೋ! ಯಾವ ಊರಿಗೆ ಭಾವ?” ಎಂದು ಕೇಳಿದ ಮೇಸ್ತ್ರಿ.

“ತುಂಬ ದೂರ. ಬೆಟ್ಟದ ತುದಿ ಊರು ಅಂತ. ಹದಿನೆಂಟು ಗಂಟೆ ರೈಲು. ನಿಮಗೆ ಬಂದು ಹೋಗೋಕೂ ಆಗಲ್ಲ.”

ಹಿಂದಿನಿಂದ ಭಾವನ ಹೆಂಡತಿಯ ದನಿ ತೇಲಿಬಂತು. ಸ್ಪೀಕರಿನ ಸಂಗತಿ ಅವರಿಗೇನು ಗೊತ್ತು? “ಹೇಳಿದ್ರಾ? ನಂಬಿದ್ರಾ? ನೀವೇ ಸಾಹೇಬರ ಕೈ ಕಾಲು ಹಿಡಿದು ವರ್ಗ ಮಾಡಿಸ್ಕೊಂಡದ್ದು ಅಂತ ಮಾತ್ರ ಬಾಯಿ ಬಿಡಬೇಡಿ. ಆ ಮನುಷ್ಯ ಏನು ಹೇಳಿದ್ರೂ ‘ಸರಿ ಭಾವ’ ಅಂತ ನಗ್ತಾ ಕೂತ್ಕೋತಾರೆ, ಒಳಗೆ ಏನು ಅಂದ್ಕೋತಾರೋ ಅಂತ ನೀವು ರಾತ್ರಿಯೆಲ್ಲ ಹೊರಳಾಡೋದು. ಮೂರು ವರ್ಷ ನನ್ನ ಕೈಲಾಗಲ್ಲ!”

ಮೇಸ್ತ್ರಿಯ ಮುಖ ಕೆಂಪಾಯಿತು. ಲೋಕದಲ್ಲಿ ಯಾರಿಗೂ ತೊಂದರೆ ಕೊಡದ ಪ್ರಾಣಿ ತಾನೊಬ್ಬನೇ ಅಂದುಕೊಂಡಿದ್ದವನು ಅವನು. ನಿಜಕ್ಕೂ ನೋವಾಯಿತು.

ಹೆಂಡತಿ ಫೋನಿಗೆ ಅಂಗೈ ಮುಚ್ಚಿ ಪಿಸುಗುಟ್ಟಿದಳು. “ಹಲ್ಲು, ಕೆಲಸ ಎಲ್ಲ ಬರೀ ನೆಪ ರೀ. ಅಣ್ಣ ಅಷ್ಟು ದೂರ ಬರಲ್ಲ ಅಂತ ನಾನು ಆ ಊರು ಅಂದಿದ್ದು.”

“ಬೆಳಿಗ್ಗೆನೇ ಹೇಳಬಾರದಿತ್ತೇನೇ?”

“ನನ್ನ ಅಣ್ಣ ಅಲ್ವಾ? ನಾನು ಹೇಗೆ ಹೇಳ್ಲಿ? ನೀವು ಹೇಳಬಾರದಿತ್ತಾ?”

“ನಿನ್ನ ಅಣ್ಣ ಅಲ್ವಾ? ನಾನು ಹೇಗೆ ಹೇಳ್ಲಿ?”

“ಹಲೋ? ಹಲೋ?” ಎನ್ನುತ್ತಿದ್ದರು ಭಾವ.

“ಭಾವ,” ಎಂದ ಮೇಸ್ತ್ರಿ, ಇದ್ದಬದ್ದ ಸಂತೋಷವನ್ನೆಲ್ಲ ಗಂಟಲಿಗೆ ತಂದುಕೊಂಡು. “ಹೊಟ್ಟೆ ಉರಿಯೋದು ಬೇಡ. ನಾವೂ ಆ ಊರೇ ಆರಿಸಿದ್ದೀವಿ. ಈಗ ತಾನೇ ದಾಖಲಾಯ್ತು.”

ಮೇಸ್ತ್ರಿ ಫೋನು ಕೆಟ್ಟಿತೇನೋ ಅಂತ ಅಲ್ಲಾಡಿಸಿ ನೋಡಿದ. ಆಮೇಲೆ ಭಾವನ ದನಿ ಬಂತು. ನೆಂಟಸ್ತಿಕೆ ಅಂದ ಮೇಲೆ ಆಡಲೇಬೇಕಾದ ಮಾತೊಂದು ಇರುತ್ತದೆ, ಅದನ್ನು ಆಡದೆ ಬಿಡುವ ಜಾಯಮಾನ ಆ ಮನೆತನದಲ್ಲಿ ಯಾರಿಗೂ ಇರಲಿಲ್ಲ.

“ಎಂಥ ಒಳ್ಳೇ ಸುದ್ದಿ! ಹಾಗಾದ್ರೆ ನೀವು ಬೇರೆ ಮನೆ ಯಾಕೆ ಹುಡುಕ್ತೀರಿ? ನಾನು ಹಿಡಿದಿರೋ ಮನೇಲಿ ಎರಡು ಭಾಗ ಇದೆ. ಒಂದರಲ್ಲಿ ನೀವಿರಿ, ಒಂದರಲ್ಲಿ ನಾವಿರ್ತೀವಿ. ನಡುವೆ ಒಂದೇ ಬಾಗಿಲು. ಬೇಡ ಅಂದ್ರೆ ನಮಗೆ ಬೇಜಾರಾಗುತ್ತೆ ನೋಡಿ.”

ಬೇಡ ಅನ್ನುವುದು ಮೇಸ್ತ್ರಿಯ ನಾಲಗೆಗೆ ಎಂದೂ ಬಂದ ಮಾತಲ್ಲ. “ಅದಕ್ಕಿಂತ ಭಾಗ್ಯ ಉಂಟೇ ಭಾವ?” ಎಂದ. ಒಂದು ಗಳಿಗೆ ಬಿಟ್ಟು, ದನಿ ತಗ್ಗಿಸಿ ಕೇಳಿದ: “ಆ ಬಾಗಿಲಿಗೆ ಚಿಲಕ ಯಾವ ಕಡೆ ಇದೆ?”

“ಮೊನ್ನೆ ಮನೆ ಹಿಡಿಯೋವಾಗ ಮಾಲೀಕರನ್ನ ನಾನೂ ಅದನ್ನೇ ಕೇಳಿದೆ,” ಎಂದರು ಭಾವ, ಅಷ್ಟೇ ಮೆಲ್ಲಗೆ. “ಚಿಲಕ ಇಲ್ಲವಂತೆ.”