ದ್ರಾಕ್ಷಿ ತೋಟದ ನಡುವೆ ನಾನು ನಡೆಸಿದ ಹಡಗು

ವಿದೇಶಕ್ಕೆ ಹೋಗಿ ಬರುವುದು ಸುಲಭ. ಹೋಗುವ ಮೊದಲೇ ಊರಿಗೆಲ್ಲ ಹೇಳಿಕೊಂಡು, ಆಮೇಲೆ ಹೇಳಿದಂತೆಯೇ ಹೋಗಿ ಬರುವುದಿದೆಯಲ್ಲ, ಅದು ಕಷ್ಟ. ಹದಿನಾರಕ್ಕೇ ನನಗೆ ಈ ಜ್ಞಾನೋದಯ ಆಗಿದೆ. ಮಾಡಿಸಿದವರು ನಮ್ಮ ಅಪ್ಪ ಮತ್ತು ಫ್ರಾನ್ಸ್ ದೇಶದ ಒಂದು ಕಾಲುವೆ. ಇಬ್ಬರ ಮೇಲೂ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಆರ್.ಟಿ. ನಗರದಲ್ಲಿ ಅಪ್ಪನದು ಪ್ಲೈವುಡ್ ಅಂಗಡಿ. ಅರ್ಧ ಆಯಸ್ಸನ್ನು ಅಂಗಡಿಯಲ್ಲಿ, ಇನ್ನರ್ಧವನ್ನು ಹೆಬ್ಬಾಳದ ಫ್ಲೈಓವರ್ ಮೇಲೆ ಕಳೆದವರು. ಟ್ರಾವೆಲ್ಸ್‌ನವನೊಬ್ಬ ಬಂದು, "ಸರ್, ದ್ರಾಕ್ಷಿ ತೋಟದ ಮಧ್ಯೆ ಕಾಲುವೆ, ದೋಣಿಲೇ ಮನೆ, ನೀವೇ ಓಡಿಸ್ಬೋದು, ಲೈಸೆನ್ಸೂ ಬೇಡ, ಟ್ರಾಫಿಕ್ಕೂ ಇಲ್ಲ" ಎಂದಾಗ ಅಪ್ಪನಿಗೆ ಕೇಳಿಸಿದ್ದು ಟ್ರಾಫಿಕ್ ಇಲ್ಲ ಎಂಬುದೊಂದೇ. ನನಗೆ ಕೇಳಿಸಿದ್ದು 'ಓಡಿಸ್ಬೋದು' ಎಂಬುದೊಂದೇ. ಮರುದಿನವೇ ಕಾಲೇಜಿನ ಗೇಟಿನೆದುರು ಗೆಳೆಯರಿಗೆಲ್ಲ ಸುದ್ದಿ ಹಂಚಿದೆ. ದೋಣಿ ನನ್ನ ಬಾಯಿಗೆ ಬರುವಷ್ಟರಲ್ಲಿ ಹಡಗಾಗಿತ್ತು; ಮಾತು ಮುಗಿಯುವಷ್ಟರಲ್ಲಿ ಅದಕ್ಕೆ ಮೂರು ಅಂತಸ್ತು ಎದ್ದು, ತಾರಸಿಯಲ್ಲಿ ಈಜುಕೊಳವೂ ಬಂದಿತ್ತು.

"ಬಿಡು ಮಚ್ಚಾ, ನೀನ್ ಸೈಕಲ್‌ಗೇ ಚಪ್ಲಿಲಿ ಬ್ರೇಕ್ ಹಾಕ್ತೀಯ" ಎಂದ ಇಮ್ರಾನ್, ಎಲ್ಲರೆದುರು. "ಸ್ಟಿಯರಿಂಗ್ ಹಿಡ್ಕೊಂಡಿರೋ ವಿಡಿಯೋ ಕಳ್ಸು. ಆಮೇಲ್ ನಂಬ್ತೀವಿ."

ನನ್ನ ಮಾನವೆಲ್ಲ ಒಂದು ವಿಡಿಯೋದ ಮೇಲೆ ಬಂದು ನಿಂತಿತು.

ಅಪ್ಪ, ಅಮ್ಮ, ಅಜ್ಜಿ, ನಾನು ಹೋಗಿ ನೋಡಿದರೆ ಹಡಗು ಸಿಟಿ ಬಸ್ಸಿನಷ್ಟಿದೆ. ವೇಗವೋ, ಎಮ್ಮೆ ಕೆರೆಗಿಳಿಯುವ ವೇಗ. ನಮ್ಮ ಅಜ್ಜಿ ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟದವರ ಮಗಳು. ದಡದ ತೋಟ ನೋಡಿದವಳೇ, "ಇದ್ಯಾತರ ತೋಟಾನೋ? ಚಪ್ರನೇ ಆಕಿಲ್ಲ! ಇಂಗೆ ಸೊಂಟದುದ್ದಕ್ಕೆ ಬೆಳ್ಸುದ್ರೆ ಕೀಳೋರ ಸೊಂಟ ಏನಾಗ್ಬೇಕು?" ಎಂದು ಫ್ರಾನ್ಸಿಗೇ ಛೀಮಾರಿ ಹಾಕಿ, ದೋಣಿಯಿಂದಿಳಿದು ದಡದ ಮೇಲೆ ನಡೆಯತೊಡಗಿದಳು. ನಾವು ಎಂಜಿನ್ ಹಾಕಿಕೊಂಡು ಮುಂದಿನ ಊರು ಮುಟ್ಟಿದಾಗ ಅವಳು ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತ, "ಯಾಕ್ರೋ ಇಷ್ಟೊತ್ತು?" ಎಂದು ಕೇಳಿದಳು.

ಅಪ್ಪನಂತೂ ಸ್ಟಿಯರಿಂಗ್ ಬಿಡಲೇ ಇಲ್ಲ. ಬಾತುಕೋಳಿ ಎದುರು ಬಂದರೂ ಹಾರ್ನ್. "ಪಕ್ಕಕ್ಕೆ ಹೋಗೋ, ಕಣ್ ಕಾಣಲ್ವಾ!" ಎಂದು ಅದಕ್ಕೆ ಅಚ್ಚ ಕನ್ನಡದಲ್ಲಿ ಬೈಗುಳ.

"ಅಪ್ಪಾ, ಐದೇ ನಿಮಿಷ ಕೊಡಿ."

"ತಡಿಯೋ, ತಿರುವಿದೆ."

ತಿರುವು ಮುಗಿಯಿತು. "ಈಗ್ ಕೊಡಿ."

"ತಡಿಯೋ, ಈಗ್ ತಾನೇ ನೇರ ಸಿಕ್ಕಿದೆ!"

ಇನ್ನು ಟ್ರಾಫಿಕ್ ಇಲ್ಲ ಎಂದ ಆ ಮಹಾನುಭಾವ ಲಾಕ್ ಎಂಬುದರ ಬಗ್ಗೆ ಉಸಿರೇ ಎತ್ತಿರಲಿಲ್ಲ. ಕಾಲುವೆ ತಗ್ಗಿಗೆ ಇಳಿಯುವಲ್ಲೆಲ್ಲ ದೋಣಿಯನ್ನು ಎರಡು ಗೇಟುಗಳ ನಡುವೆ ನಿಲ್ಲಿಸಿ, ನೀರನ್ನು ಹೊರಬಿಟ್ಟು, ನಿಧಾನವಾಗಿ ಕೆಳಗಿಳಿಸುತ್ತಾರೆ. ಅಂದರೆ ಸಿಗ್ನಲ್ಲೇ, ನೀರಿನಲ್ಲಿ ನೆನೆಸಿದ ಸಿಗ್ನಲ್. ಗೇಟಿನವರು ಊಟಕ್ಕೆ ಹೋದರೆಂದರೆ ಇಡೀ ಕಾಲುವೆಗೇ ರಜ. ದಡಕ್ಕೆ ನೆಗೆದು, ಗೂಟಕ್ಕೆ ಹಗ್ಗ ಸುತ್ತಿ, ನೀರಿಳಿದಂತೆಲ್ಲ ಅದನ್ನು ಸಡಿಲ ಬಿಡುತ್ತ ನಿಲ್ಲುವ ಕೂಲಿ ಯಾರು? ಕ್ಯಾಪ್ಟನ್ ಆಗಬೇಕಿದ್ದ ನಾನು!

ಕೊನೆಯ ದಿನದ ಲಾಕಿನ ಪಕ್ಕದಲ್ಲೇ ಒಂದು ವೈನ್ ಅಂಗಡಿಯಿತ್ತು. ಅಜ್ಜಿಯ ಭಯಕ್ಕೆ ಅಷ್ಟು ದಿನ ದ್ರಾಕ್ಷಿ ಜ್ಯೂಸನ್ನೂ ಮುಟ್ಟದಿದ್ದ ಅಪ್ಪ, "ಬರೀ ವಾಸ್ನೆ ನೋಡ್ಕೊಂಡ್ ಬಂದ್ಬಿಡ್ತೀನಿ ಕಣೇ" ಎಂದು ಅಮ್ಮನ ಕಿವಿಯಲ್ಲಿ ಹೇಳಿ, ದೋಣಿಯನ್ನು ಲಾಕಿನೊಳಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಇಳಿದರು. ಸ್ಟಿಯರಿಂಗ್ ಖಾಲಿ! ಆದರೆ ನನ್ನ ಕೈಯಲ್ಲಿ ಹಗ್ಗ. ಒಂದು ಕ್ಷಣವೂ ಯೋಚಿಸಲಿಲ್ಲ. ಗೂಡ್ಸ್ ಆಟೋದ ಮೇಲೆ ಪ್ಲೈವುಡ್ ಬಿಗಿಯುವ ನಮ್ಮ ಅಂಗಡಿಯ ಗಂಟು ಹಾಕಿದೆ. ಎಂಥ ಗುಂಡಿ ಹಾರಿದರೂ ಕೂದಲಷ್ಟೂ ಸಡಿಲಾಗದ ಗಂಟದು. ಒಳಗೆ ಹಾರಿ, ಕೂಲಿಂಗ್ ಗ್ಲಾಸ್ ಏರಿಸಿ, ಸ್ಟಿಯರಿಂಗ್ ಹಿಡಿದು, "ಅಮ್ಮಾ, ವಿಡಿಯೋ!" ಎಂದೆ.

ನೀರು ಇಳಿಯಿತು. ದೋಣಿಯ ಒಂದು ಪಕ್ಕ ನೀರಿನ ಜೊತೆ ಇಳಿಯಿತು. ಇನ್ನೊಂದು ಪಕ್ಕ ಗಂಟಿಗೆ ನೇತಾಡಿತು.

"ಲೇ, ದೋಣಿ ವಾಲ್ಕಂತಾ ಐತೆ ಕಣ್ಲಾ!" ಎಂದು ದಡದಿಂದ ಅಜ್ಜಿ ಕೂಗಿದಳು.

"ಅಜ್ಜಿ, ಸುಮ್ನಿರು, ರೆಕಾರ್ಡ್ ಆಗ್ತಿದೆ!"

ಅಮ್ಮನಾದರೂ ತಡೆಯಬಹುದಿತ್ತಲ್ಲ? ಅವಳು ತಾನೇ ಫೋನನ್ನು ಸೊಟ್ಟ ಹಿಡಿದಿದ್ದೇನೆ ಅಂದುಕೊಂಡು ಅದನ್ನು ನನ್ನ ಮುಖಕ್ಕೆ ನೆಟ್ಟಗೆ ಮಾಡಿಕೊಂಡಳು! ಕುಕ್ಕರ್ ಜಾರಿ ಬಂತು, ಹಿಂದೆಯೇ ಸಾರು ಬಂತು. ಗೇಟಿನ ಹೆಂಗಸು ಫ್ರೆಂಚಿನಲ್ಲಿ ಕಿರುಚುತ್ತ ಓಡಿಬಂದು ನೀರು ನಿಲ್ಲಿಸಿದಳು, ಮತ್ತೆ ತುಂಬಿಸಿದಳು, ಗಂಟು ಬಿಚ್ಚಲಾರದೆ ಕೊನೆಗೆ ಚಾಕು ತಂದು ಹಗ್ಗ ಕೊಯ್ದಳು. ಗಲಾಟೆ ಕೇಳಿ ಓಡಿಬಂದ ಅಪ್ಪ ನನಗೆ ಬೈಯುವುದು ಬಿಟ್ಟು, ಕೊಯ್ದ ಹಗ್ಗವನ್ನು ಎತ್ತಿ ನೋಡಿ, "ಗಂಟ್ ಮಾತ್ರ ಭರ್ಜರಿ ಹಾಕಿದೀಯ ಕಣೋ" ಎಂದರು. ಬರೀ ವಾಸನೆ ನೋಡಿದವರ ಮಾತಲ್ಲ ಅದು.

ಆಮೇಲೆ ನನ್ನನ್ನು ಸ್ಟಿಯರಿಂಗಿನ ಹತ್ತಿರವೂ ಬಿಡಲಿಲ್ಲ. ನಾನದನ್ನು ಹಿಡಿದಿದ್ದಕ್ಕೆ ಜಗತ್ತಿನಲ್ಲಿರುವ ಸಾಕ್ಷಿ ಆ ವಿಡಿಯೋ ಒಂದೇ. ಅದರಲ್ಲಿ ನಾನು, "ನೋಡ್ ಗುರು, ಫುಲ್ ಕಂಟ್ರೋಲ್ ನಂದೇ" ಎನ್ನುತ್ತಿದ್ದೇನೆ. ನನ್ನ ಬೆನ್ನ ಹಿಂದೆ ದ್ರಾಕ್ಷಿ ತೋಟ, ಚರ್ಚು, ಅಜ್ಜಿ ಸಮೇತ ಇಡೀ ಫ್ರಾನ್ಸ್ ಓರೆಯಾಗುತ್ತಿದೆ. ಕಳಿಸದಿದ್ದರೆ ಸುಳ್ಳುಗಾರ. ಕಳಿಸಿದರೆ ಏನೆಂದು ನಿಮಗೇ ಗೊತ್ತು. ಹಾಳಾಗಲಿ ಎಂದು ಕಳಿಸಿದೆ.

ಇಮ್ರಾನ್ ತಕ್ಷಣ ಫೋನ್ ಮಾಡಿದ. ಹಿಂದೆ ಇಡೀ ಗುಂಪಿನ ಕೇಕೆ.

"ನಂಬಿದ್ವಿ ಮಚ್ಚಾ! ನಿಂತಿರೋ ದೋಣಿನ ಆಕ್ಸಿಡೆಂಟ್ ಮಾಡಿದಾರೆ ಅಂದ್ರೆ ಪಕ್ಕಾ ನೀನೇ ಓಡಿಸ್ತಿದ್ದಿದ್ದು!"

ಎಂಥ ಅನ್ಯಾಯ ನೋಡಿ. ಎಂಜಿನ್ನೇ ಆಫ್ ಆಗಿತ್ತು, ಅದು ಆಕ್ಸಿಡೆಂಟೇ ಅಲ್ಲ ಎಂದು ವಾದಿಸಲು ಬಾಯಿ ತೆರೆದೆ. ಆದರೆ ಹಾಗೆಂದರೆ ನಾನು ಓಡಿಸಿದ್ದೂ ಸುಳ್ಳಾಗುತ್ತದಲ್ಲ?

"ಹೂಂ ಕಣೋ" ಎಂದೆ ಗತ್ತಿನಿಂದ, "ಫುಲ್ ಸ್ಪೀಡಲ್ಲಿದ್ದೆ."