ಧೂಮಕೇತುವಿನ ಬಾಲಕ್ಕೊಂದು ಅಳತೆ

ಅಳತೆ ಒಂದೇ ಆದರೆ ಜನರ ನಡುವೆ ಜಗಳವೇ ಇರುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ವಿಜ್ಞಾನದ ಮಾಸ್ತರನಾದವನಿಗೆ ಈ ನಂಬಿಕೆ ನೌಕರಿಯ ಜೊತೆಗೇ ಬರುತ್ತದೆ. ಸಾರಿಗೆ ಹಾಕುವ ಚಿಟಿಕೆ ಉಪ್ಪು ಎಂದರೆ ಎಷ್ಟು ಗ್ರಾಂ ಎಂದು ಹೆಂಡತಿಯನ್ನು ಕೇಳಿ, ಆ ವಾರವೆಲ್ಲ ಸಪ್ಪೆ ಸಾರು ಉಂಡವನು ನಾನು. ಆದರೂ ಬುದ್ಧಿ ಬರಲಿಲ್ಲ.

ನಮ್ಮದೊಂದು ಪುಟ್ಟ ಆಕಾಶ ವೀಕ್ಷಕರ ಬಳಗ. ರೋಣದಲ್ಲಿ ನಾನು, ನರಗುಂದದಲ್ಲಿ ಹೊಲಿಗೆ ಅಂಗಡಿಯ ಗಿರಿಜಕ್ಕ, ಗಜೇಂದ್ರಗಡದಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರಾದ ವೀರಪ್ಪನವರು. ಸಂಜೆ ಧೂಮಕೇತು ಕಂಡರೆ ಅದರ ಬಾಲದ ಉದ್ದವನ್ನು ಅಂದಾಜು ಮಾಡಿ, ನಮಗೆ ದೂರದರ್ಶಕ ಎರವಲು ಕೊಟ್ಟಿರುವ ಸಂಘಕ್ಕೆ ಕಳಿಸಬೇಕು. ಕಳೆದ ಸಲ ನಾನು ಡಿಗ್ರಿಯಲ್ಲಿ ಬರೆದೆ. ಗಿರಿಜಕ್ಕ ಆಕಾಶಕ್ಕೆ ಟೇಪು ಹಿಡಿದು ಇಂಚಿನಲ್ಲಿ ಬರೆದರು. ವೀರಪ್ಪನವರು ‘ಮುಷ್ಟಿಗೆ ತುಸು ಕಡಿಮೆ’ ಎಂದು ಬರೆದರು. ಸಂಘದವರು ಫೋನ್ ಮಾಡಿ, ಮುಂದಿನ ಸಲವೂ ಹೀಗೇ ಆದರೆ ದೂರದರ್ಶಕ ವಾಪಸ್ ಕೊಡಬೇಕಾದೀತು ಎಂದರು. ಆ ದೂರದರ್ಶಕ ಸರದಿಯ ಮೇಲೆ ಮೂರೂ ಮನೆಗಳಲ್ಲಿ ಅಳಿಯನ ಹಾಗೆ ಉಪಚಾರ ಪಡೆಯುತ್ತಿತ್ತು. ಅದು ಹೋಗುತ್ತದೆ ಎಂದರೆ ನಮಗೆ ನಿಜಕ್ಕೂ ಸಂಕಟವಾಯಿತು.

ರೋಣದ ಒಂದು ಹೋಟೆಲಿನಲ್ಲಿ ಸಭೆ ಸೇರಿದೆವು. ಗಿರ್ಮಿಟ್ ಬರುವವರೆಗೆ ಶಾಂತಿಯಿತ್ತು.

“ಎಲ್ಲಾರೂ ಡಿಗ್ರಿ ಬರಿಯೋಣ್ರಿ, ಮುಗೀತು” ಎಂದೆ ನಾನು.

“ಡಿಗ್ರಿ ಕಣ್ಣಿಗೆ ಕಾಣೂದಿಲ್ರಿ ಸರ. ಟೇಪ್ ಖರೇ ಹೇಳತೈತಿ” ಎಂದರು ಗಿರಿಜಕ್ಕ.

“ನಿನ್ನ ಕೈ ಗಿಡ್ಡವ್ವಾ, ನನ್ನ ಕೈ ಉದ್ದ. ಟೇಪ್ ಇಬ್ಬರಿಗೂ ಒಂದ ಹ್ಯಾಂಗ ಹೇಳತೈತಿ? ಮುಷ್ಟಿ ಹಿಡದ ನೋಡು” ಎಂದು ವೀರಪ್ಪನವರು ಅಲ್ಲೇ ಕೈ ಚಾಚಿ ಮುಷ್ಟಿ ಎತ್ತಿದರು. ಪಕ್ಕದ ಮೇಜಿನವರು ತಟ್ಟೆ ಸಮೇತ ಸರಿದು ಕೂತರು.

ಗಿಡ್ಡ ಕೈಗೆ ಮುಷ್ಟಿಯೂ ಸಣ್ಣದು; ಹಾಗಾಗಿ ಯಾರದೇ ಆಗಲಿ, ಚಾಚಿದ ಕೈಯ ಮುಷ್ಟಿ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿಯಷ್ಟನ್ನು ಮುಚ್ಚುತ್ತದೆ. ಈ ಮಾತು ಹೇಳಿ ನಾನೇ ರಾಜಿ ಮಾಡಿಸಿದೆ. ಅಳೆಯುವುದು ಅವರವರ ಮುಷ್ಟಿಯಿಂದ, ಬರೆಯುವುದು ಡಿಗ್ರಿಯಲ್ಲಿ, ಅಂಕಿಯ ತಲೆಯ ಮೇಲೆ ಸಣ್ಣ ಸೊನ್ನೆ. ಆ ಸೊನ್ನೆ ಎಷ್ಟು ಸಣ್ಣದಿರಬೇಕು ಎಂಬುದನ್ನೂ ಬರೆದು ತೋರಿಸಿದೆ. ಏಳುವಾಗ ಗಿರಿಜಕ್ಕ ವೀರಪ್ಪನವರ ಮರ್ಯಾದೆಗೆಂದು ಒಂದು ಮಾತು ಸೇರಿಸಿದರು: “ಕಾಕಾ, ಹಿರೇರು ನೀವು. ದಿನಾ ಮೊದಲ ನೀವ ನೋಡಿ ನಮಗ ಫೋನ್ ಮಾಡ್ರಿ.” ಹಿರಿಯರಿಗೆ ಅಷ್ಟೂ ಗೌರವ ಕೊಡದಿದ್ದರೆ ಹೇಗೆ? ನಾನೂ “ಆತ್ರಿ” ಎಂದೆ.

ಮುಂದಿನ ಧೂಮಕೇತು ಬಂತು. ಪಟ್ಟಿ ಹೋಯಿತು. ಸಂಘದವರ ಫೋನೂ ಬಂತು.

“ಸರ, ಈ ಸಲ ಭಾಳ ಚಲೋ ಬರದೀರಿ. ಎಲ್ಲಾ ಡಿಗ್ರಿ, ಎಲ್ಲಾ ಒಂದ ನಮೂನಿ. ಆದ್ರ ಮೂರೂ ಊರಾಗ, ಎಲ್ಲಾ ದಿನಾನೂ, ದಶಮಾಂಶ ಸುದ್ದಾ ಒಂದ ಅಂಕಿ ಹ್ಯಾಂಗ ಬಂತ್ರಿ?”

ಗಿರಿಜಕ್ಕನಿಗೆ ಫೋನ್ ಮಾಡಿದೆ. “ಕಾಕಾ ಏಳೂವರಿ ಅಂದ ಮ್ಯಾಲೆ ನಾ ಎಂಟ ಬರದ್ರ ಅವ್ರಿಗೆ ಕೆಟ್ಟ ಅನಸೂದಿಲ್ಲೇನ್ರಿ?” ಎಂದರು. ನಾವು ಒಂದು ಮಾಡಬೇಕಾಗಿದ್ದದ್ದು ಅಳತೆಯ ಮಾನವನ್ನು. ಮರ್ಯಾದಸ್ಥರಾದ್ದರಿಂದ ಆಕಾಶವನ್ನೇ ಒಂದು ಮಾಡಿಬಿಟ್ಟಿದ್ದೆವು. ವಿಜ್ಞಾನ ಹೀಗೆ ಹಾಳಾಗುತ್ತದೆ ಎಂದು ಆಕೆಗೆ ಸಾಕಷ್ಟು ಉಪದೇಶ ಮಾಡಿದೆ.

ದೂರದರ್ಶಕ ವಾಪಸ್ ಹೋಯಿತು. ಅದನ್ನು ಕಟ್ಟಿ ಬಸ್ಸಿಗೆ ಹಾಕಿ ಬಂದು ಕೂತಾಗ ಹೆಂಡತಿ ಕೇಳಿದಳು, “ಅಲ್ರೀ, ಧೂಮಕೇತು ಬಂದ ವಾರೆಲ್ಲಾ ರೋಣದಾಗ ಮೋಡ ಕವದಿತ್ತಲ್ಲ, ನೀವೇನ್ ನೋಡಿ ಬರದ್ರಿ?”