ಕಾಲು ನೊಂದರೆ ಕೈ ಬಿಚ್ಚದು

ಸುರಪುರದ ನಮ್ಮ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಬರುವವರು ಕಣ್ಣು ತುಂಬಿಸಿಕೊಳ್ಳುತ್ತಾರೆಯೇ ಹೊರತು ಚೀಲ ತುಂಬಿಸಿಕೊಳ್ಳುವುದಿಲ್ಲ. ಅಲ್ಲಿಯ ಅಂಗಡಿ ನೋಡಿಕೊಳ್ಳುವ, ನಿವೃತ್ತ ಇತಿಹಾಸ ಮಾಸ್ತರನಾದ ನನ್ನ ಸಂಕಟ ಇದು. ಮುದುಕ ಚಿತ್ರಗಾರ ಮರಿಲಿಂಗಪ್ಪನವರು ಮಾರಲು ಬರೆದುಕೊಟ್ಟ ಚಿತ್ರಗಳು ವರ್ಷದಿಂದ ಅಂಗಡಿಯ ಗೋಡೆಗೇ ಅಂಟಿಕೊಂಡಿದ್ದವು.

"ಪಂಪಣ್ಣ ಮಾಸ್ತರ, ಭಾನುವಾರ ನಾರಾಯಣಪುರದಿಂದ ಟೀಚರಮ್ಮಾರ ಬಸ್ ಬರ್ತದ. ಅವತ್ತೂ ಏನೂ ಹೋಗ್ಲಿಲ್ಲಂದ್ರ ಅಂಗಡಿ ಬಂದ್" ಎಂದು ಸೆಕ್ರೆಟರಿ ಬಾಲರಾಜ ಫರ್ಮಾನು ಹೊರಡಿಸಿದರು.

ಮೂರು ದಿನ ತಪಸ್ಸು ಮಾಡಿ ಮಹಾಸಿದ್ಧಾಂತವೊಂದನ್ನು ಕಂಡುಹಿಡಿದೆ: ಜನ ಹೆಚ್ಚು ಹೊತ್ತು ನಿಂತಷ್ಟೂ ಹೆಚ್ಚು ಕೊಳ್ಳುತ್ತಾರೆ. ಬೆಂಚುಗಳನ್ನೆಲ್ಲ ಹಿತ್ತಲಿಗೆ ಎತ್ತಿಸಿದೆ (ಕೂತವರಿಗೆ ನಿದ್ದೆ ಬರುತ್ತದೆ). ಹಿಂಬಾಗಿಲಿಗೆ ಬೀಗ ಜಡಿದು, ಅಂಗಡಿ ಹೊಕ್ಕೇ ಹೊರಬೀಳುವಂತೆ ಚಕ್ರವ್ಯೂಹ ರಚಿಸಿದೆ.

"ಕಾಲು ನೊಂದ್ರ ಕೈ ಬಿಚ್ಚಂಗಿಲ್ರೀ" ಎಂದಳು ಹೆಂಡತಿ ಕಲ್ಯಾಣಮ್ಮ.

"ನಿನಗೇನು ತಿಳೀತದ? ಇದು ಅರ್ಥಶಾಸ್ತ್ರ!"

ಭಾನುವಾರ ನಲವತ್ತು ಟೀಚರಮ್ಮಂದಿರನ್ನು ನಿಲ್ಲಿಸಿಕೊಂಡು, ತುಕ್ಕು ಹಿಡಿದ ಒಂದು ಕತ್ತಿಯ ಮೇಲೆಯೇ ಮುಕ್ಕಾಲು ಗಂಟೆ ಮಾತಾಡಿದೆ. ಅಂಗಡಿಯ ಬಾಗಿಲು ತೆರೆದದ್ದೇ ತಡ, ಅವರು ಒಡ್ಡೊಡೆದ ಕಾಲುವೆಯಂತೆ ನನ್ನನ್ನೂ ಚಿತ್ರಗಳನ್ನೂ ದಾಟಿ ಹೊರಗೆ ನುಗ್ಗಿದರು!

"ಮಾಸ್ತರ, ಮೊದಲ ಕುಡಿಯೋ ನೀರು ಎಲ್ಲದಾವ ಹೇಳ್ರಿ!" ಎಂದು ಕೂಗಿದರು ಮುಂದಾಳು ನುಜ್ಹತ ಟೀಚರ್.

ನನಗೆ ಬುತ್ತಿ ತಂದಿದ್ದ ಕಲ್ಯಾಣಮ್ಮ ಬೆಂಚುಗಳನ್ನು ಬೇವಿನ ನೆರಳಿಗೆ ಎಳೆಸಿದಳು. "ಬರ್ರಿ ತಂಗಿ, ಕೂಡ್ರಿ" ಎಂದು ನೀರು ಕೊಟ್ಟಳು. ನನ್ನ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯನ್ನು ನನ್ನ ಕಣ್ಣೆದುರೇ ಚೂರುಚೂರು ಮಾಡಿ ಹಂಚಿದಳು. ಆಮೇಲೆ ಅಂಗಡಿಯಿಂದ ಒಂದು ಚಿತ್ರ ತಂದು ಹಿಡಿದು ನಡುವೆ ಕುಳಿತಳು.

"ಈ ನವಿಲು ನೋಡ್ರಿ. ಇದರ ಗರಿಗೆ ಮರಿಲಿಂಗಪ್ಪ ಕಾಕಾ ಎಂಟು ದಿನ ಕುಂತಾರ. 'ಚಾ ಆರತದ ಏಳ್ರಿ' ಅಂದ್ರ, 'ಎದ್ರ ನವಿಲು ಹಾರತದ' ಅಂತಾರ!"

ನುಜ್ಹತ ಟೀಚರ್ ನಕ್ಕುಬಿಟ್ಟರು. "ಅದು ನನಗ ಕೊಡ್ರಿ ಅಕ್ಕಾ."

ಅವರು ಕೊಂಡದ್ದನ್ನು ಕಂಡು ಪಕ್ಕದವರು ಕೊಂಡರು. (ಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆ?) ಅರ್ಧ ಗಂಟೆಯಲ್ಲಿ ಗೋಡೆಯ ಮೇಲೆ ಮೊಳೆಗಳಷ್ಟೇ ಉಳಿದವು. ಫೋನಿನಲ್ಲಿ ಸುದ್ದಿ ಕೇಳಿದ ಮರಿಲಿಂಗಪ್ಪನವರು ಆಗಲೇ ಹೊಸ ಹಾಳೆ ಹಾಸಿಕೊಂಡರಂತೆ.

ನನ್ನದು ಸಿದ್ಧಾಂತ, ಅವಳದು ಸಿದ್ಧಾನ್ನ. ಗೆದ್ದದ್ದು ಯಾವುದೆಂದು ನನ್ನ ಖಾಲಿ ಹೊಟ್ಟೆಯೇ ಹೇಳುತ್ತಿತ್ತು.

ಸಂಜೆ ಬಂದ ಬಾಲರಾಜ ಬರಿದಾದ ಗೋಡೆ ನೋಡಿ, ನಡೆದದ್ದು ಕೇಳಿ ಹಿಗ್ಗಿದರು. "ನಾಳಿಂದ ಅಂಗಡಿ ಅಕ್ಕಾರೇ ನಡಸಲಿ!"

"ಮತ್ತ ನಾನ್ರಿ?" ಎಂದೆ.

ಕಲ್ಯಾಣಮ್ಮ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಒಳಗ ಗಾಜಿನ ಕಪಾಟಿನ ಬಾಜೂ ಇವರಿಗೊಂದು ಕುರ್ಚಿ ಹಾಕಿಸ್ರಿ ಸಾಹೇಬ್ರ. ಹಳೇ ಸಾಮಾನು, ಅಲ್ಲಿ ಚಲೋ ಒಪ್ಪತದ."